ನೀನಾಳ ಮನೆತನ ವಿಚಾರಿಸಲು ಹೋದದ್ದು

ಡೆಸ್ ಪ್ಲೇನ್ಸ್

ನನ್ನನ್ನು ಅಮೆರಿಕಕ್ಕೆ ಕಳಿಸಿದ್ದು ಅಮ್ಮ, ಸೊಸೆಯ ಮನೆತನ ವಿಚಾರಿಸಿಕೊಂಡು ಬರಲು. ಹೆಣ್ಣು ನೋಡುವ ಮೊದಲು ಮಾಡಬೇಕಾದ ಈ ಕೆಲಸವನ್ನು ನಮ್ಮ ಮನೆಯಲ್ಲಿ ಮದುವೆಯಾಗಿ ಎರಡು ವರ್ಷವಾದ ಮೇಲೆ, ಸೊಸೆ ಬಸುರಿಯಾದಾಗ ಮಾಡಿದೆವು. ನಮ್ಮ ತಪ್ಪೇನಿಲ್ಲ. ತಮ್ಮ ಶ್ರೀಧರ ಮದುವೆಯ ಸಮಾಚಾರ ತಿಳಿಸಿದ್ದೇ ಮದುವೆಯಾದ ಮೇಲೆ. ಹುಡುಗಿಯ ಹೆಸರು ನೀನಾ ಗ್ರೀನ್, ಒಳ್ಳೆಯವಳು, ಕಾಫಿ ಕುಡಿಯುತ್ತಾಳೆ ಎಂದಿಷ್ಟೇ ಬರೆದಿದ್ದ. ಯಾವುದನ್ನು ಬರೆಯಬೇಕು ಅನ್ನುವುದು ಇಂಜಿನಿಯರುಗಳಿಗೆ ಗೊತ್ತಾಗುವುದಿಲ್ಲ.

ಅಮ್ಮ ರಂಪ ಮಾಡಲಿಲ್ಲ. ಕೆಲವು ಮನೆಗಳಲ್ಲಿ ಮಾಡಿದ ಹಾಗೆ ಮಗ ಸತ್ತನೆಂದು ಎಳ್ಳುನೀರು ಬಿಡಲೂ ಇಲ್ಲ. ಅವನ ಕಾಗದ ಬಂದರೆ ನನ್ನ ಕೈಲಿ ಓದಿಸುತ್ತಿದ್ದರು. ನೀನಾಳ ಹೆಸರು ಬಂದ ಸಾಲನ್ನು ಮಾತ್ರ ಹಾರಿಸು ಅನ್ನುತ್ತಿದ್ದರು. ಹೀಗೆ ಹಾರಿಸಿ ಹಾರಿಸಿ ಓದಿದ್ದರಿಂದ ಅಮ್ಮನ ಪಾಲಿಗೆ ಶ್ರೀಧರ ಒಬ್ಬನೇ ಮನೆ ಕೊಂಡಿದ್ದ, ಒಬ್ಬನೇ ಸಿನಿಮಾಕ್ಕೆ ಹೋಗುತ್ತಿದ್ದ, ಒಬ್ಬನೇ ಜಗಳವಾಡಿ ಒಬ್ಬನೇ ರಾಜಿಯಾಗುತ್ತಿದ್ದ. ಕೊನೆಗೆ ಮಗುವಾಗಲಿದೆ ಎಂದು ಬರೆದ. ಅದನ್ನು ಒಬ್ಬನೇ ಮಾಡಿಕೊಂಡ ಎಂದು ಓದಲು ನನಗೆ ಬಾಯಿ ಬರಲಿಲ್ಲ.

ಅಮ್ಮ ಒಂದು ವಾರ ಯೋಚನೆ ಮಾಡಿ ಹೇಳಿದರು: "ಅವಳು ಯಾರ ಮನೆ ಮಗಳು, ಹಿಂದಿನೋರು ಯಾರು, ಎಲ್ಲಿಂದ ಬಂದೋರು ಅಂತ ನೀನೇ ಹೋಗಿ ನೋಡ್ಕೊಂಡ್ ಬಾ ಸಾವಿತ್ರಿ. ನಾಳೆ ಆ ಮಗು ಕೇಳಿದ್ರೆ ನಾನೇನು ಹೇಳ್ಲಿ?"

ನನಗಾಗ ನಲವತ್ತೆರಡು. ಮದುವೆಯಾಗಿಲ್ಲ. ಮೈಸೂರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಸತ್ತವರ ಕಡೆಯವರನ್ನು ಎದುರಿಗೆ ಕೂಡಿಸಿಕೊಂಡು, ಸತ್ತದ್ದು ಏತರಿಂದ, ಅವರಪ್ಪ ಸತ್ತದ್ದು ಏತರಿಂದ, ಹೇಳುತ್ತಿರುವುದು ನಿಜವೇ ಎಂದು ಕೆದಕುವುದು ನನ್ನ ಹೊಟ್ಟೆಪಾಡು. ಈ ಕೆಲಸಕ್ಕೆ ನನಗಿಂತ ಯೋಗ್ಯರು ಮನೆಯಲ್ಲಿ ಯಾರೂ ಇರಲಿಲ್ಲ.

ಡೆಸ್ ಪ್ಲೇನ್ಸ್ ಅನ್ನುವುದು ಚಿಕಾಗೊದ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಊರು. ವಿಮಾನಗಳು ಅಲ್ಲಿ ಎಷ್ಟು ತಗ್ಗಿನಲ್ಲಿ ಹಾರುತ್ತವೆಂದರೆ ಒಳಗೆ ಕೂತವರ ಊಟದ ತಟ್ಟೆಯಲ್ಲಿ ಏನಿದೆ ಎಂದು ನೋಡಬಹುದು ಅನ್ನಿಸುತ್ತಿತ್ತು. ಸದ್ದು ಬಂದಾಗ ಆ ಬೀದಿಯವರೆಲ್ಲ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಬಾಯಿ ತೆರೆದುಕೊಂಡೇ ಕಾದು, ವಿಮಾನ ಹೋದ ಮೇಲೆ ಅದೇ ಶಬ್ದದಿಂದ ಮುಂದುವರಿಸುತ್ತಾರೆ. ಮೊದಲ ದಿನ ನೀನಾ ಹೀಗೆ ನಿಂತಾಗ ಹುಡುಗಿಗೆ ಏನೋ ಆಯಿತೆಂದು ನಾನು ನೀರು ತರಲು ಓಡಿದ್ದೆ.

ನೀನಾ ಉದ್ದಕ್ಕೆ, ತೆಳ್ಳಗೆ, ಹೊಟ್ಟೆಯೊಂದು ಬಿಟ್ಟು. ಮೂರನೇ ಕ್ಲಾಸಿನ ಟೀಚರ್. ನಮ್ಮ ಭಾಷೆಯಲ್ಲಿ ಒಂದೇ ವಾಕ್ಯ ಕಲಿತಿದ್ದಳು, 'ಊಟ ಆಯ್ತಾ ಅಕ್ಕಾ'. ಅದನ್ನು ಹಲ್ಲುಜ್ಜುವ ಮೊದಲೂ ಕೇಳುತ್ತಿದ್ದಳು. ನಾನು ಬಂದ ಕಾರಣ ಕೇಳಿ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕೂತು, ತನ್ನ ಮನೆತನ ತನಗೂ ಗೊತ್ತಿಲ್ಲ ಎಂದಳು.

ಅಪ್ಪ ಪೀಟರ್ ಗ್ರೀನ್, ಮೆಷಿನ್ ರಿಪೇರಿಯವನು. ಅಮ್ಮ ವಾಂಡಾ ಪೋಲೆಂಡಿನ ಕಡೆಯವಳು, ನೀನಾ ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪನನ್ನು ಕೇಳಿದರೆ ನಾವು ಆಸ್ಟ್ರಿಯಾದವರು, ನನ್ನವರೆಲ್ಲ ಸತ್ತಿದ್ದಾರೆ ಅನ್ನುತ್ತಿದ್ದ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಮ್ಮನಿಗೆ ವಿಪರೀತ ಕೋಪ ಬಂದಾಗ ಮಾತ್ರ ಅವನನ್ನು ಹ್ರಿನ್ಯುಕ್ ಎಂದು ಕೂಗುತ್ತಿದ್ದಳಂತೆ. ಅದು ಬೈಗುಳವಿರಬೇಕು ಎಂದು ನೀನಾ ಬಹಳ ವರ್ಷ ತಿಳಿದಿದ್ದಳು. ಮೂರು ವರ್ಷದ ಕೆಳಗೆ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ. ಕೊನೆಯ ದಿನಗಳಲ್ಲಿ ಅವನಿಗೆ ಇಂಗ್ಲಿಷ್ ಮರೆತುಹೋಯಿತು. ನೀನಾ ಹುಟ್ಟಿದಾಗಿನಿಂದ ಕೇಳದ ಯಾವುದೋ ಭಾಷೆಯಲ್ಲಿ ಎರಡೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದ.

"ಓಲ್ಯಾ, ವಿದ್‌ಚಿನಿ."

ಓಲ್ಯಾ ಹೆಂಗಸಿನ ಹೆಸರು ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದರು. ನೀನಾ ಅದಕ್ಕಿಂತ ಮುಂದೆ ವಿಚಾರಿಸಲಿಲ್ಲ. ಅಪ್ಪನಿಗೆ ಇನ್ನೊಬ್ಬಳು ಇದ್ದಳೋ ಏನೋ, ತಿಳಿದು ಏನಾಗಬೇಕು ಎಂದು ಸುಮ್ಮನಾಗಿದ್ದಳು. ಈಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇದಕ್ಕಾದರೂ ಗೊತ್ತಿರಲಿ ಅಕ್ಕಾ, ಹುಡುಕೋಣ ಎಂದಳು.

ಶ್ರೀಧರನಿಗೆ ಇದು ಸ್ವಲ್ಪವೂ ಸರಿಬೀಳಲಿಲ್ಲ. "ಹಳೇದೆಲ್ಲ ಯಾಕೆ ಕೆದಕ್ತೀಯ ಅಕ್ಕ? ಈ ಟೈಮಲ್ಲಿ ಅವಳಿಗೆ ಟೆನ್ಷನ್ ಆಗತ್ತೆ. ಅಮ್ಮಂಗೆ ಏನೋ ಒಂದು ಗೋತ್ರ ಹೇಳಿದ್ರಾಯ್ತು, ಅವ್ರೇನು ಬಂದು ಚೆಕ್ ಮಾಡ್ತಾರಾ?" ಎಂದ.

ನನ್ನ ಕೆಲಸ ಏನೆಂಬುದು ಅವನಿಗೆ ಮರೆತುಹೋಗಿತ್ತು.

ಚಿಕಾಗೊ

ಹ್ರಿನ್ಯುಕ್ ಅನ್ನುವುದು ಉಕ್ರೇನಿನ ಕಡೆಯ ಹೆಸರು ಎಂದು ನೀನಾಳ ಶಾಲೆಯ ಒಬ್ಬ ಟೀಚರ್ ಹೇಳಿದಳು. ಚಿಕಾಗೊದಲ್ಲಿ ಅವರದೇ ಒಂದು ಬಡಾವಣೆಯಿದೆ. ಒಂದು ಶನಿವಾರ ನಾವಿಬ್ಬರೂ ಅಲ್ಲಿಗೆ ಹೋದೆವು. ಹಸಿರು ಗುಮ್ಮಟದ ದೊಡ್ಡ ಚರ್ಚೊಂದು ಕಂಡಿತು. ಒಳಗೆ ಹೋಗಿ ವಿಚಾರಿಸೋಣ ಅನ್ನುವಷ್ಟರಲ್ಲಿ ನಾಲ್ಕು ಹೆಜ್ಜೆ ಆಚೆಗೆ ಇನ್ನೊಂದು, ಬಣ್ಣದ ವಾಸನೆಯೂ ಆರದ ಹೊಸ ಚರ್ಚು. ಎರಡೂ ಅದೇ ಜನರವು, ಅದೇ ಪಂಥದವು. ದಾರಿಯಲ್ಲಿ ಸಿಕ್ಕ ಮುದುಕರೊಬ್ಬರು ವಿವರಿಸಿದರು. ಹಬ್ಬಗಳನ್ನು ಹಳೆಯ ಕ್ಯಾಲೆಂಡರಿನ ಪ್ರಕಾರ ಮಾಡಬೇಕೋ ಹೊಸದರ ಪ್ರಕಾರವೋ ಎಂದು ಜಗಳವಾಗಿ ಒಂದು ಗುಂಪು ಸಿಡಿದು ಬೇರೆ ಚರ್ಚು ಕಟ್ಟಿಕೊಂಡಿತಂತೆ. ಅಣ್ಣ ಒಂದು ದಿನ ಕ್ರಿಸ್ಮಸ್ ಮಾಡಿದರೆ ತಮ್ಮ ಎರಡು ವಾರ ಬಿಟ್ಟು ಮಾಡುತ್ತಾನೆ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ.

ಅಮೆರಿಕಕ್ಕೆ ಬಂದಮೇಲೆ ಮೊದಲ ಸಲ ನನಗೆ ನಮ್ಮೂರಿಗೆ ಬಂದ ಹಾಗಾಯಿತು. ಅಷ್ಟಮಿಗೆ ಕೃಷ್ಣ ಹುಟ್ಟಿದನೋ ರೋಹಿಣಿಗೆ ಹುಟ್ಟಿದನೋ ಎಂದು ಒಂದೇ ಬೀದಿಯ ಎರಡು ಮನೆಯವರು ಬೇರೆ ಬೇರೆ ದಿನ ಚಕ್ಕುಲಿ ಕರಿದು, ಒಬ್ಬರದನ್ನು ಇನ್ನೊಬ್ಬರು ಮುಟ್ಟದೆ ಕೂತದ್ದನ್ನು ನೋಡಿಯೇ ನಾನು ಬೆಳೆದವಳು. ಎರಡೂ ಕಡೆಯ ಚಕ್ಕುಲಿ ತಿಂದದ್ದು ಮಕ್ಕಳಾದ ನಾವು ಮಾತ್ರ.

ಹಳೆಯ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಉದ್ದನೆಯ ಮೇಜಿನ ಸುತ್ತ ನಿಂತು ಅಡುಗೆ ಮಾಡುತ್ತಿದ್ದರು. ಹಿಟ್ಟನ್ನು ದುಂಡಗೆ ಲಟ್ಟಿಸಿ, ಒಳಗೆ ಬೇಯಿಸಿದ ಆಲೂಗಡ್ಡೆ ಇಟ್ಟು, ಮಡಿಸಿ ಅಂಚು ಒತ್ತುವುದು. ಅದಕ್ಕೆ ಅವರು ಪಿರೋಹಿ ಅನ್ನುತ್ತಾರೆ. ನನ್ನ ಕಣ್ಣಿಗೆ ಅಪ್ಪಟ ಕಡುಬು. ಸೀರೆಯುಟ್ಟು, ಮೇಲೆ ಶ್ರೀಧರನ ಸ್ವೆಟರ್ ತೊಟ್ಟು ಒಳಗೆ ಬಂದ ನನ್ನನ್ನು ಕಂಡು ಮಾತೆಲ್ಲ ನಿಂತುಹೋಯಿತು. ಏನು ಹೇಳಬೇಕೋ ತೋಚದೆ ನಾನು ಕೈ ತೊಳೆದುಕೊಂಡು ಬಂದು ಒಂದು ಕಡುಬು ತೆಗೆದುಕೊಂಡೆ. ಗೌರಿ ಹಬ್ಬಕ್ಕೆ ಅಮ್ಮನ ಕೈಯಲ್ಲಿ ಪೆಟ್ಟು ತಿಂದು ಕಲಿತ ನೆರಿಗೆಯನ್ನು ಅಂಚಿಗೆ ಹಾಕಿದೆ. ಅಕ್ಕಪಕ್ಕದವರು ಇಣುಕಿ ನೋಡಿದರು. ಇನ್ನೊಂದು ಹಾಕಿದೆ. ಯಾರೋ ನನಗೊಂದು ಏಪ್ರನ್ ಕಟ್ಟಿದರು. ಆಮೇಲೆ ನಾನು ಯಾರು ಏನು ಎಂದು ಯಾರೂ ಕೇಳಲಿಲ್ಲ.

ಆ ಹೆಂಗಸರ ಯಜಮಾನಿಯಂತಿದ್ದವಳು ಮರೂಸ್ಯಾ. ಎಪ್ಪತ್ತರ ಹತ್ತಿರದವಳು, ಗಂಟಲು ಮಾತ್ರ ತರಕಾರಿ ಮಾರುವವಳದು. ನೀನಾ ಅವಳ ಪಕ್ಕ ನಿಂತು, ತನಗೆ ನೆನಪಿದ್ದ ಎರಡು ಮಾತನ್ನು ತೊದಲುತ್ತ ಹೇಳಿ, ಇದರ ಅರ್ಥವೇನು ಎಂದು ಕೇಳಿದಳು. ಮರೂಸ್ಯಾ ಲಟ್ಟಣಿಗೆ ಕೆಳಗಿಟ್ಟಳು.

"ಓಲ್ಯಾ, ಬಾಗಿಲು ತೆಗಿ. ಅಷ್ಟೇ. ಯಾರು ಹೇಳಿದ್ದು ನಿನಗೆ?"

ನೀನಾ ಹೇಳಿದಳು. ಅಪ್ಪ ಬೆಳೆದದ್ದು ಡೆಟ್ರಾಯಿಟ್ ಪಕ್ಕದ ಹ್ಯಾಮ್‌ಟ್ರಾಮ್ಯಾಕ್ ಎಂಬ ಊರಿನಲ್ಲಿ ಎಂದು ತನ್ನ ತಾಯಿ ಒಮ್ಮೆ ಬಾಯಿಬಿಟ್ಟದ್ದನ್ನೂ ಹೇಳಿದಳು. ಮರೂಸ್ಯಾ ಏಪ್ರನ್ನಿಗೆ ಕೈಯೊರೆಸಿಕೊಂಡು ಫೋನಿಗೆ ಹೋದಳು. ಹ್ಯಾಮ್‌ಟ್ರಾಮ್ಯಾಕಿನಲ್ಲಿ ಅವಳ ಬೀಗಿತ್ತಿ ಇದ್ದಾಳಂತೆ. ನಮ್ಮಲ್ಲಿ ಗಂಡಿನ ಕಡೆಯವರ ಸಮಾಚಾರ ಬೇಕಾದರೆ ಮದುವೆ ಮನೆಯ ಅಡುಗೆಯವರನ್ನು ಕೇಳುವ ಹಾಗೆ ಇದೂ.

ಕಾಯುತ್ತಿರುವಾಗ ನಮಗೆ ತಟ್ಟೆ ತುಂಬ ಪಿರೋಹಿ ಕೊಟ್ಟರು. ಮೇಲೆ ಬೆಣ್ಣೆ, ಕೆಂಪಗೆ ಹುರಿದ ಈರುಳ್ಳಿ, ಅದರ ಜೊತೆ ಕುರುಕಲು ಚೂರುಗಳು. ಎರಡನೇ ಸಲ ಹಾಕಿಸಿಕೊಂಡ ಮೇಲೆ, ಆ ಚೂರುಗಳು ಹಂದಿಯವು ಎಂದು ನೀನಾ ಕಿವಿಯಲ್ಲಿ ಹೇಳಿದಳು. ಒಂದು ಕ್ಷಣ ಭೂಮಿ ಬಿರಿಯಲಿ ಎಂದು ಕಾದೆ. ನೆಲಮಾಳಿಗೆಯಲ್ಲೇ ಇದ್ದುದರಿಂದ ಅದು ಇನ್ನೇನು ಬಿರಿದೀತು. ತಟ್ಟೆಯಲ್ಲಿ ಉಳಿದದ್ದನ್ನು ಪಕ್ಕಕ್ಕೆ ತಳ್ಳಿ ಆಲೂಗಡ್ಡೆ ಮುಗಿಸಿದೆ. ಅಮ್ಮನಿಗೆ ಬರೆದ ಕಾಗದದಲ್ಲಿ ಆಲೂಗಡ್ಡೆ ಮಾತ್ರ ಇತ್ತು.

ಮರೂಸ್ಯಾ ವಾಪಸು ಬಂದು ಹೇಳಿದಳು: ಓಲ್ಹಾ ಹ್ರಿನ್ಯುಕ್ ಎಂಬ ಒಬ್ಬರು ಅಲ್ಲಿದ್ದಾರೆ. ಓಲ್ಯಾ ಎಂದರೆ ಓಲ್ಹಾ ಹೆಸರನ್ನೇ ಮುದ್ದಿಗೆ ಕರೆಯುವುದು. ಮದುವೆಯಾಗಿಲ್ಲ. ಅವರಿಗೆ ಪೆಟ್ರೋ ಎಂಬ ತಮ್ಮನಿದ್ದ. ಪೀಟರ್ ಅನ್ನುವುದು ನಮ್ಮಲ್ಲಿ ಪೆಟ್ರೋ. ಪೆಟ್ರೋನ ಕಡೆಯವರು ಬರುತ್ತಾರೆ ಎಂದು ಹೇಳಿಕಳಿಸಿದ್ದೇನೆ.

ಮಿಶಿಗನ್ನಿನ ದಾರಿ

ಶ್ರೀಧರ ಬೇಡವೆಂದ, ಆಮೇಲೆ ತಾನೇ ಬರುತ್ತೇನೆಂದ. ನೀನಾ ಒಪ್ಪಲಿಲ್ಲ. ಅವನು ಜೊತೆಗಿದ್ದರೆ ತನಗೆ ಧೈರ್ಯ ಕೆಟ್ಟಾಗ ಕಾರು ತಿರುಗಿಸಿಬಿಡುತ್ತಾನೆ, ನೀವಾದರೆ ಬಿಡುವವರಲ್ಲ ಎಂದು ನನಗೆ ಹೇಳಿದಳು. ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ. ಅವನು ಸೀಟಿಗೆ ಎರಡು ದಿಂಬು ಇಟ್ಟು, ನನ್ನ ಕೈಗೆ ಮ್ಯಾಪ್ ಕೊಟ್ಟು, ಎಕ್ಸಿಟ್ ನಂಬರ್ ನೋಡ್ತಿರು ಅಕ್ಕ ಎಂದು ಎರಡೆರಡು ಸಲ ಹೇಳಿದ.

ಮ್ಯಾಪ್ ಎಂಬುದನ್ನು ಬಿಡಿಸಬಹುದೇ ಹೊರತು ಮಡಿಸಲು ಸಾಧ್ಯವಿಲ್ಲ. ನಾನು ಅದರೊಂದಿಗೆ ಹೆಣಗುತ್ತಿರುವಾಗ ಬೇಡದ ಕಡೆ ತಿರುಗಿಸಿ, ಪಾ ಪಾ ಎಂಬ ಊರಿನ ದ್ರಾಕ್ಷಿ ತೋಟದ ಮಧ್ಯೆ ಹೋಗಿ ನಿಂತೆವು. ಆ ಹೆಸರಿನ ಊರಲ್ಲಿ ದಾರಿ ತಪ್ಪಿದವರ ಮೇಲೆ ಯಾರಿಗಾದರೂ ಕನಿಕರ ಬರಬೇಕು. ಅಲ್ಲಿನ ಪೆಟ್ರೋಲ್ ಬಂಕಿನವನಿಗೆ ಬಂತು ಕೂಡ. ನನ್ನ ಹಣೆ ನೋಡಿ ಗಾಬರಿಯಾಗಿ, ಪೆಟ್ಟು ಬಿತ್ತೇ ಎಂದು ಕೇಳಿ, ಬ್ಯಾಂಡೇಜ್ ಹಿಡಿದುಕೊಂಡು ಬಂದ. ಅದು ಕುಂಕುಮ, ದಿನಾ ಇಡುತ್ತೇನೆ ಎಂದೆ. ದಿನಾ ಪೆಟ್ಟು ಬೀಳುತ್ತದೆ ಎಂದು ಅರ್ಥಮಾಡಿಕೊಂಡನೋ ಏನೋ, ನೀನಾಳನ್ನು ದುರುಗುಟ್ಟಿ ನೋಡಿದ.

ಅಲ್ಲಿಂದ ಮುಂದೆ ನೀನಾ ನಗಲಿಲ್ಲ. ಡೆಟ್ರಾಯಿಟ್ ಹತ್ತಿರವಾದಷ್ಟೂ ಕಾರು ನಿಧಾನವಾಯಿತು. ಓಲ್ಯಾ ಅವರಿಗೆ ತಾನು ಬೇಡವಾದರೆ ಏನು ಮಾಡುವುದು ಎಂದು ಕೇಳಿದಳು. ಬೇಡವಾದರೆ ಒಂದು ಲೋಟ ನೀರು ಕೇಳಿ ಕುಡಿದು ವಾಪಸು ಬರೋಣ, ಮನೆ ಒಳಗಿನಿಂದ ನೋಡಿದ ಹಾಗಾಯಿತು ಎಂದೆ. ಬೇಡವಾಗುವುದು ಹೇಗಿರುತ್ತದೆಂದು ಅವಳಿಗೆ ನಮ್ಮ ಮನೆಯೇ ಎರಡು ವರ್ಷದಿಂದ ಕಲಿಸಿತ್ತು, ಅದು ನನಗೆ ಹೊಳೆದದ್ದು ಆಡಿದ ಮೇಲೆ.

ಹ್ಯಾಮ್‌ಟ್ರಾಮ್ಯಾಕ್

ಡೆಸ್ ಪ್ಲೇನ್ಸಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಮದುವೆ ಚಪ್ಪರ ಹಾಕಬಹುದು. ಇಲ್ಲಿ ಮನೆಗಳು ನಮ್ಮ ವಠಾರದಂತೆ ಒತ್ತೊತ್ತಾಗಿದ್ದವು. ಕಿಟಕಿಯಿಂದ ಕೈಚಾಚಿ ಪಕ್ಕದ ಮನೆಗೆ ಸಾರು ಬಡಿಸಬಹುದು. ಪ್ರತಿ ಮನೆಗೂ ಒಂದು ಜಗಲಿ. ಹೆಂಗಸರು ಮನೆ ಮುಂದಿನ ಕಾಲುದಾರಿಯನ್ನು ಗುಡಿಸಿ ನೀರು ಹಾಕಿ ತೊಳೆದಿದ್ದರು, ರಂಗೋಲಿಯೊಂದೇ ಬಾಕಿ. ಬೀದಿಯ ಕೊನೆಯಲ್ಲಿ ಕಾರ್ಖಾನೆಯ ಚಿಮಣಿಗಳು. ಅಂಗಡಿಗಳ ಬೋರ್ಡೆಲ್ಲ ಪೋಲಿಷ್ ಭಾಷೆಯಲ್ಲಿದ್ದವು.

ಬಾಗಿಲು ತಟ್ಟಬೇಕಾಗಲಿಲ್ಲ. ಓಲ್ಹಾ ಜಗಲಿಯ ಮೇಲೇ ನಿಂತಿದ್ದರು. ಗಿಡ್ಡ, ಗಟ್ಟಿಮುಟ್ಟು, ಇಸ್ತ್ರಿ ಮಾಡಿದ ಫ್ರಾಕು. ನೀನಾಳ ಮುಖವನ್ನು ಒಂದು ಸಲ ನೋಡಿದರು, ಸಾಕಾಯಿತು. ನನ್ನ ಕಡೆ ನೋಡಲೇ ಇಲ್ಲ. ನಮ್ಮಿಬ್ಬರ ಹೆಗಲ ಮೇಲಿಂದ ಕಾರನ್ನು ನೋಡುತ್ತಿದ್ದರು.

"ಪೆಟ್ರೋ ಕಾರಲ್ಲೇ ಕೂತಿದ್ದಾನಾ? ಒಳಗೆ ಬರೋಕೆ ಹೇಳು."

ಬೀಗಿತ್ತಿಯ ಬಾಯಿಂದ ಬಾಯಿಗೆ ದಾಟುವಾಗ ಸಮಾಚಾರ ಹೀಗಾಗಿತ್ತು. ಪೆಟ್ರೋನ ಕಡೆಯವರು ಎಂಬುದರಲ್ಲಿ ಓಲ್ಹಾಗೆ ಕೇಳಿಸಿದ್ದು ಪೆಟ್ರೋ ಒಂದೇ. ನೀನಾ ನನ್ನ ಕೈ ಹಿಡಿದುಕೊಂಡಳು.

"ಅಪ್ಪ ಇಲ್ಲ. ಮೂರು ವರ್ಷ ಆಯ್ತು," ಎಂದಳು.

ಓಲ್ಹಾ ಇನ್ನೂ ಸ್ವಲ್ಪ ಹೊತ್ತು ಕಾರನ್ನೇ ನೋಡಿದರು. ಆಮೇಲೆ ನಮ್ಮನ್ನು ಒಳಗೆ ಕರೆದು, ಬೆನ್ನು ತಿರುಗಿಸಿ ಒಲೆಯ ಮೇಲೆ ನೀರಿಟ್ಟರು. ಊಟದ ಮೇಜಿನ ಮೇಲೆ ಮೂರು ತರಹದ ಕೇಕು, ಇಡೀ ಒಂದು ಕೋಳಿ, ಬೀಟ್‌ರೂಟಿನ ಸಾರು. ತಮ್ಮನಿಗಾಗಿ ಮಾಡಿದ್ದು. ನೀರು ಕುದಿದು ಕುದಿದು ಅರ್ಧ ಆವಿಯಾಗುವವರೆಗೆ ಅವರು ತಿರುಗಲಿಲ್ಲ. ನಾನೇ ಎದ್ದು ಒಲೆ ಆರಿಸಿದೆ.

ಚಹಾ ಕುಡಿಯುತ್ತ ಅವರಾಗಿಯೇ ಹೇಳಿದರು. ಅವರ ಇಂಗ್ಲಿಷು ನನ್ನದರಷ್ಟೇ ವಿಚಿತ್ರವಾಗಿದ್ದುದರಿಂದ ನನಗೆ ಚೆನ್ನಾಗಿ ಅರ್ಥವಾಯಿತು. ಪೆಟ್ರೋ ವಾಂಡಾಳನ್ನು ಮದುವೆಯಾಗುತ್ತೇನೆಂದಾಗ ಅವರ ತಾಯಿ, ಎಂದರೆ ನೀನಾಳ ಅಜ್ಜಿ, ಈ ಮನೆಗೆ ಪೋಲಿಷ್ ಹುಡುಗಿ ಕಾಲಿಡಕೂಡದು ಎಂದರಂತೆ. ಹಳೆಯ ಊರಿನಲ್ಲಿ ಪೋಲಿಷ್ ಸಿಪಾಯಿಗಳು ಅಜ್ಜಿಯ ತಮ್ಮನನ್ನು ಕೊಂದಿದ್ದರು. ಇಲ್ಲಿ ನೋಡಿದರೆ ಎಡಕ್ಕೂ ಬಲಕ್ಕೂ ಪೋಲಿಷ್ ಮನೆಗಳೇ. ಅಜ್ಜಿ ಅವರಿಂದ ಮೊಟ್ಟೆ ಕೊಳ್ಳುತ್ತಿದ್ದರು, ಅವರ ಮಕ್ಕಳಿಗೆ ಜ್ವರ ಬಂದರೆ ಹೋಗಿ ಕೂರುತ್ತಿದ್ದರು. ಸೊಸೆಯಾಗಿ ಮಾತ್ರ ಬೇಡ. ಪೆಟ್ರೋ ಮದುವೆಯಾಗಿ ಬೇರೆ ಇದ್ದ. ಮಗು ಹುಟ್ಟಿದ ವರ್ಷ, ಅವರ ಹಳೆಯ ಕ್ಯಾಲೆಂಡರಿನ ಕ್ರಿಸ್ಮಸ್ ಹಿಂದಿನ ಸಂಜೆ, ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಬಂದು ಇದೇ ಜಗಲಿಯಲ್ಲಿ ನಿಂತ. ಅಜ್ಜಿ ಅಡುಗೆಮನೆಯಿಂದ ಏಳಲಿಲ್ಲ.

"ನಾನು ಬಾಗಿಲ ಹಿಂದೇನೇ ಇದ್ದೆ. ಚಿಲಕದ ಮೇಲೆ ಕೈ ಇತ್ತು. ಅವನು ನನ್ನ ಹೆಸರು ಹಿಡಿದು ಕರೀತಿದ್ದ. ಅಮ್ಮ ಇರುವಾಗ ನಾನು ಹೇಗೆ ತೆಗೀಲಿ?"

ಆಮೇಲೆ ಪೆಟ್ರೋ ಊರು ಬಿಟ್ಟ. ಅಜ್ಜಿ ಅವನ ಹೆಸರೆತ್ತಲಿಲ್ಲ. ಆದರೆ ಪ್ರತಿ ವರ್ಷ ಆ ಸಂಜೆ, ಮನೆಯ ಸತ್ತವರಿಗೆಂದು ಇಡುವ ಖಾಲಿ ತಟ್ಟೆಯ ಪಕ್ಕ ಇನ್ನೊಂದು ತಟ್ಟೆ ಇಡುತ್ತಿದ್ದರಂತೆ. ನಮ್ಮಲ್ಲಿ ಪಿತೃಗಳಿಗೆ ಎಡೆ ಇಡುವ ಹಾಗೆ. ಬದುಕಿರುವ ಮಗನಿಗೆ ಎಡೆ. ಅಜ್ಜಿ ತೀರಿಕೊಂಡ ಮೇಲೆ ಓಲ್ಹಾ ತಮ್ಮನನ್ನು ಹುಡುಕಿದರು. ಹ್ರಿನ್ಯುಕ್ ಎಂದು ಹುಡುಕಿದರು. ಅವನು ಗ್ರೀನ್ ಆಗಿದ್ದ.

ಇಷ್ಟು ಹೇಳಿ ಅವರು ನೀನಾಳನ್ನು ಕೇಳಿದರು: "ನನ್ನ ವಿಷಯ ಯಾವತ್ತಾದ್ರೂ ಮಾತಾಡ್ತಿದ್ನಾ?"

ನೀನಾ ಬಟ್ಟಲನ್ನು ಕೆಳಗಿಟ್ಟಳು. "ಕೊನೇಲಿ ನಿಮ್ಮನ್ನ ಕರೀತಿದ್ರು. ಓಲ್ಯಾ, ಓಲ್ಯಾ ಅಂತ."

"ಬೇರೆ ಏನಂದ?"

"ಬೇರೇನಿಲ್ಲ. ಹೆಸರು ಅಷ್ಟೇ."

ಹದಿನೆಂಟು ವರ್ಷ ಸುಳ್ಳು ಹಿಡಿಯುವ ಕೆಲಸ ಮಾಡಿದವಳು ನಾನು. ಅಂಥ ಅಪ್ಪಟ ಸುಳ್ಳನ್ನು ನೀನಾ ಎದುರಿಗೆ ಕೂತು ಹೇಳುತ್ತಿದ್ದರೂ ಬೀಟ್‌ರೂಟಿನ ಸಾರಿಗೆ ಉಪ್ಪು ಹಾಕಿಕೊಂಡು ಕುಡಿದೆ.

ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಓಲ್ಹಾ ಬೇರೆಯೇ ಹೆಂಗಸಾಗಿದ್ದರು. ನೀನಾಳ ಹೊಟ್ಟೆ ತಡವಿ ಹೆಣ್ಣು ಎಂದರು, ತಲೆ ಬಾಚಿಕೊಂಡ ರೀತಿ ಸರಿಯಿಲ್ಲ ಎಂದರು, ನನ್ನನ್ನು ನೋಡಿ ಈ ಚಳಿಯಲ್ಲಿ ಹೊಟ್ಟೆ ಕಾಣುವ ಬಟ್ಟೆ ಯಾಕೆ ಎಂದರು. ಅಮ್ಮನ ಪ್ರಶ್ನೆಯನ್ನು ನಾನು ಅವರ ಮುಂದಿಟ್ಟೆ. ಅದು ಅವರಿಗೆ ಬಹಳ ನ್ಯಾಯವಾದ ಪ್ರಶ್ನೆ ಅನ್ನಿಸಿತು. ತಂದೆ ಹೊರಟಾಗ ಅವರ ಹಳ್ಳಿ ಆಸ್ಟ್ರಿಯಾದಲ್ಲಿತ್ತು, ಆಮೇಲೆ ಪೋಲೆಂಡಿನಲ್ಲಿ, ಈಗ ರಷ್ಯನ್ನರ ಕೈಯಲ್ಲಿ. ಹಳ್ಳಿ ಇದ್ದಲ್ಲೇ ಇದೆ. ಹೋದ ವರ್ಷ ನಮ್ಮ ರಾಜ್ಯಕ್ಕೂ ಹೆಸರು ಬದಲಾಯಿತು, ನಾನೂ ಮನೆಯಿಂದ ಕದಲದೆ ಕರ್ನಾಟಕದವಳಾದೆ ಎಂದೆ. ಎಷ್ಟು ಜನ ಸತ್ತರು ಎಂದು ಕೇಳಿದರು. ಯಾರೂ ಇಲ್ಲ, ಸಿಹಿ ಹಂಚಿದರು ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಹಿಂದಿನವರು ಅಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದೆ. ಪುರೋಹಿತರೋ, ಕೊನೆಗೆ ಶಾನುಭೋಗರಂಥವರೋ ಆಗಿರಲಿ ಎಂದು ಒಳಗೊಳಗೇ ಹಾರೈಸಿದ್ದೆ.

"ಹಂದಿ," ಎಂದರು ಓಲ್ಹಾ, ಹೆಮ್ಮೆಯಿಂದ. "ಆ ಸೀಮೆಗೆಲ್ಲ ನಮ್ಮ ಹಂದಿಗಳಿಗೇ ಹೆಸರು."

ಮೈಸೂರು

ಬಂದ ದಿನವೇ ಅಮ್ಮ ಕೂಡಿಸಿಕೊಂಡು ಕೇಳಿದರು. ಒಕ್ಕಲುತನ, ಪಶುಪಾಲನೆ ಎಂದೆ. ಎಷ್ಟು ಹಸು ಎಂದರು. ಹಸುವಲ್ಲ ಎಂದೆ. ಅಮ್ಮ ಬುದ್ಧಿವಂತೆ, ಮುಂದೆ ಕೇಳಲಿಲ್ಲ.

ಉಳಿದದ್ದನ್ನೆಲ್ಲ ಹೇಳಿದೆ. ಜಗಲಿ, ಚಿಲಕ, ತಟ್ಟೆ, ಯಾವುದನ್ನೂ ಹಾರಿಸಲಿಲ್ಲ. ಅಮ್ಮ ಹುರುಳಿಕಾಯಿ ಬಿಡಿಸುತ್ತಿದ್ದರು. ಮುಗಿದ ಮೇಲೂ ಬಹಳ ಹೊತ್ತು ಬುಟ್ಟಿಯೊಳಗೆ ಕೈಯಾಡಿಸುತ್ತ ಕೂತರು.

"ಮಗು ಚಳೀಲಿತ್ತಾ?" ಎಂದು ಕೇಳಿದರು.

ಹೊರಗೆ ಹಿಮ ಬೀಳುತ್ತಿತ್ತಂತೆ ಎಂದೆ. ಆ ಮಗುವೇ ನೀನಾ ಎಂದು ಹೇಳಬೇಕಾಗಲಿಲ್ಲ. ಮಾರನೆಯ ದಿನ ಅಮ್ಮ ತಾವೇ ಅಂಚೆ ಕಚೇರಿಗೆ ಹೋಗಿ ವಿದೇಶಕ್ಕೆ ಕಳಿಸುವ ನೀಲಿ ಕಾಗದ ತಂದು, ನನ್ನ ಕೈಲಿ ಬರೆಸಿದರು. ಚಿ. ಸೌ. ನೀನಾಗೆ ಆಶೀರ್ವಾದಗಳು ಎಂದು ಶುರುಮಾಡಿ, ಬಸುರಿ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಮೂಲೆ ಮೂಲೆಯನ್ನೂ ತುಂಬಿಸಿದರು.

ಹೆಣ್ಣುಮಗುವಾಯಿತು. ಬಾಣಂತನಕ್ಕೆ ಓಲ್ಹಾ ಹ್ಯಾಮ್‌ಟ್ರಾಮ್ಯಾಕಿನಿಂದ ಬಸ್ಸಿನಲ್ಲಿ ಬಂದಿಳಿದರು. ಅಮ್ಮ ಇಲ್ಲಿಂದ ಒಂದು ಪಥ್ಯ ಬರೆಸಿದರೆ ಓಲ್ಹಾ ಅಲ್ಲಿ ಇನ್ನೊಂದು ಮಾಡುತ್ತಿದ್ದರು. ಕಾಗದ ತಲುಪುವುದೂ ನಿಧಾನ. ಹಸಿಮೈಯಲ್ಲಿ ತಲೆಗೆ ನೀರು ಹಾಕಬೇಡಿ ಎಂಬ ಅಪ್ಪಣೆ ಮುಟ್ಟುವ ಹೊತ್ತಿಗೆ ಬಾಣಂತಿ ಕಾರು ಓಡಿಸುತ್ತಿದ್ದಳು. ನಡುವೆ ಸಿಕ್ಕಿದ ಶ್ರೀಧರ ಇಬ್ಬರಿಗೂ ಹೂಂಗುಟ್ಟಿಕೊಂಡು ಹಾಯಾಗಿದ್ದ. ಅಷ್ಟರಲ್ಲಿ ಸುಮ್ಮನಿರಲಾರದೆ, ಓಲ್ಹಾ ಮಗುವನ್ನು ದಪ್ಪಗೆ ಸುತ್ತಿ ದಿನಾ ಮಧ್ಯಾಹ್ನ ಹಿತ್ತಲ ಹಿಮದಲ್ಲಿ ಮಲಗಿಸುತ್ತಾರೆ, ತಣ್ಣನೆಯ ಗಾಳಿಗೆ ಮಕ್ಕಳು ಗಟ್ಟಿಯಾಗುತ್ತವಂತೆ, ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಬರೆದ.

ಆ ಸಾಲನ್ನು ಅಮ್ಮ ನನ್ನ ಕೈಲಿ ಮೂರು ಸಲ ಓದಿಸಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಆ ಹೆಂಗಸಿಗೆ ಬಾಣಂತನದ ಗಂಧ ಗಾಳಿ ಇಲ್ಲ," ಎಂದರು. "ಪಾಸ್‌ಪೋರ್ಟಿಗೆ ಏನೇನು ಬೇಕೂಂತ ನಾಳೇನೇ ವಿಚಾರಿಸ್ಕೊಂಡು ಬಾ."